ವ್ಯಾನಿನ ಫೋಟೋ ಸಾಕು, ವಿಮಾನದ ಲೆಕ್ಕ ತೋರಿಸಿ

ಇವತ್ತು ಮತ್ತೊಂದು ಕೊರಿಯರ್ ಜಾಹೀರಾತು ಕಣ್ಣಿಗೆ ಬಿತ್ತು. ಎಲೆಕ್ಟ್ರಿಕ್ ವ್ಯಾನು, ಹಸಿರು ಎಲೆ, "ಪರಿಸರಸ್ನೇಹಿ ಡೆಲಿವರಿ". ಕೆಳಗೆ ನಮ್ಮ ಎಕ್ಸ್‌ಪೋರ್ಟ್ ಗೆಳೆಯರದ್ದೇ ಲೈಕುಗಳ ಸುರಿಮಳೆ. ಸಿಟ್ಟು ಬಂತು. ವ್ಯಾನಿನ ಮೇಲಲ್ಲ, ಆ ಪಾರ್ಸೆಲ್ ಹತ್ತಿ ಬಂದ ವಿಮಾನದ ಬಗ್ಗೆ ಒಬ್ಬರೂ ಕೇಳುವುದಿಲ್ಲವಲ್ಲ, ಅದರ ಮೇಲೆ.

ಲೆಕ್ಕ ಹಾಕೋಣ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ದೂರ ಸುಮಾರು 7,400 ಕಿ.ಮೀ. ವಿಮಾನದಲ್ಲಿ ಒಂದು ಟನ್ ಸರಕು ಒಂದು ಕಿ.ಮೀ. ಹೋದರೆ ಅಂದಾಜು 600 ಗ್ರಾಂ ಇಂಗಾಲದ ಡೈಆಕ್ಸೈಡ್. 10 ಕೆ.ಜಿ. ಪಾರ್ಸೆಲ್‌ಗೆ 44 ಕೆ.ಜಿ. ಹೊಗೆ ಬಂತು (ಇಲ್ಲಿ ಹೊಗೆ ಅಂದರೆ ಈ ಇಂಗಾಲದ ಲೆಕ್ಕವೇ). ಈಗ ಆ ವ್ಯಾನು. ಡೀಸೆಲ್ ವ್ಯಾನೇ ಅಂದುಕೊಳ್ಳಿ. ದಿನಕ್ಕೆ 80 ಕಿ.ಮೀ. ಓಡಿ 100 ಪಾರ್ಸೆಲ್ ಹಂಚುತ್ತದೆ, 8 ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 2.7 ಕೆ.ಜಿ.ಯಂತೆ 21 ಕೆ.ಜಿ.ಗಿಂತ ತುಸು ಹೆಚ್ಚು; ಪಾರ್ಸೆಲ್ಲಿಗೆ 200 ಗ್ರಾಂ ಚಿಲ್ಲರೆ. ವ್ಯಾನು ಪೂರ್ತಿ ಎಲೆಕ್ಟ್ರಿಕ್ ಆದರೆ ಉಳಿತಾಯವಾಗುವುದು ಹೆಚ್ಚೆಂದರೆ ಆ 200 ಗ್ರಾಂ. 44 ಕೆ.ಜಿ. ಹಾಗೇ ಇದೆ.

ನಗರದ ಗಾಳಿಗೆ ಎಲೆಕ್ಟ್ರಿಕ್ ವ್ಯಾನು ಒಳ್ಳೆಯದೇ. ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದು ಊರಿನ ಗಾಳಿಯ ಪ್ರಶ್ನೆ, ಹವಾಮಾನ ಗುರಿಯ ಪ್ರಶ್ನೆ ಬೇರೆ.

ಗುರಿ ಅಂದರೆ ಏನು ಅಂತ ನೋಡಲು ಜರ್ಮನಿಯ ಕೊರಿಯರ್ ಕಂಪನಿ ಡಿಎಚ್‌ಎಲ್ ಸಮೂಹದ ದಾಖಲೆ ಒಳ್ಳೆಯ ಪಾಠ. 2008ರಲ್ಲಿ ಅವರು ಇಟ್ಟ ಗುರಿ, 2020ರ ಹೊತ್ತಿಗೆ ಇಂಗಾಲ ದಕ್ಷತೆಯಲ್ಲಿ 30% ಸುಧಾರಣೆ. ಅದನ್ನು 2016ರಲ್ಲೇ ಮುಟ್ಟಿದರು. ದಕ್ಷತೆ ಎಂಬ ಪದವನ್ನು ಗಮನಿಸಿ. ಟನ್-ಕಿ.ಮೀ.ಗೆ, ಅಂದರೆ ಒಂದು ಟನ್ ಸರಕು ಒಂದು ಕಿ.ಮೀ. ಸಾಗಲು ಆಗುವ ಹೊಗೆ 30% ಇಳಿದು, ಸರಕು 50% ಏರಿದರೆ ಒಟ್ಟು ಹೊಗೆ 5% ಜಾಸ್ತಿಯೇ ಆಗುತ್ತದೆ. ಆಗ ಗುರಿಯೂ ಮುಟ್ಟಿದಂತೆ, ಹೊಗೆಯೂ ಏರಿದಂತೆ. ಹಾಗಾಗಿ 2021ರಲ್ಲಿ ಅವರು ಒಟ್ಟು ಮೊತ್ತದ ಗುರಿ ಇಟ್ಟಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ: 2030ಕ್ಕೆ 2.9 ಕೋಟಿ ಟನ್‌ಗಿಂತ ಕಡಿಮೆ, ಅದಕ್ಕಾಗಿ 700 ಕೋಟಿ ಯೂರೋ. 2020ರ ಮೊತ್ತ 3.3 ಕೋಟಿ ಟನ್. 2023ರಲ್ಲೂ ಹೆಚ್ಚುಕಡಿಮೆ ಅಷ್ಟೇ.

"ಏನೂ ಮಾಡದಿದ್ದರೆ 2030ಕ್ಕೆ 4.6 ಕೋಟಿ ಆಗುತ್ತಿತ್ತಲ್ಲ" ಅಂತ ವಾದ ಬರುತ್ತದೆ. ನಿಜ. ಆದರೆ ಆಗದೇ ಹೋದ ಹೊಗೆಯನ್ನು ವಾತಾವರಣ ಜಮೆ ಮಾಡಿಕೊಳ್ಳುವುದಿಲ್ಲ.

ವಿಮಾನಕ್ಕೆ ಬ್ಯಾಟರಿ ಯಾಕಿಲ್ಲ? ಒಂದು ಕೆ.ಜಿ. ವಿಮಾನ ಇಂಧನದಲ್ಲಿ ಸುಮಾರು 12 ಯೂನಿಟ್ ಶಕ್ತಿ. ಒಂದು ಕೆ.ಜಿ. ಬ್ಯಾಟರಿ ಪ್ಯಾಕಿನಲ್ಲಿ ಕಾಲು ಯೂನಿಟ್ಟೂ ಕಷ್ಟ. ಮೋಟಾರಿನ ದಕ್ಷತೆ ಹೆಚ್ಚಿದ್ದರೂ ಈ ಕಂದಕ ತುಂಬುವುದಿಲ್ಲ. ಇದೇ ಕಂಪನಿ 2021ರಲ್ಲಿ 12 ಪುಟ್ಟ ಆಲಿಸ್ ಎಲೆಕ್ಟ್ರಿಕ್ ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ತಯಾರಕರು 2025ರಲ್ಲಿ ಕೆಲಸವನ್ನೇ ತಡೆಹಿಡಿದರು.

ಉಳಿದದ್ದು ಎಸ್‌ಎಎಫ್, ಅಂದರೆ ಸುಸ್ಥಿರ ವಿಮಾನ ಇಂಧನ. 2030ಕ್ಕೆ 30% ಬಳಸುವ ಗುರಿ ಡಿಎಚ್‌ಎಲ್‌ನದು. ಇಂದು ಸಿಗುವುದರಲ್ಲಿ ಹೆಚ್ಚಿನದು ಕರಿದು ಉಳಿದ ಎಣ್ಣೆ ಮತ್ತು ಪ್ರಾಣಿಕೊಬ್ಬಿನಿಂದ ಆದದ್ದು. ಜೀವನಚಕ್ರದ ಲೆಕ್ಕದಲ್ಲಿ, ಅಂದರೆ ತಯಾರಿಕೆಯಿಂದ ಉರಿಸುವವರೆಗಿನ ಲೆಕ್ಕದಲ್ಲಿ, 80% ತನಕ ಹೊಗೆ ತಗ್ಗಬಹುದು. ಆದರೆ ಕರಿದ ಎಣ್ಣೆ ಲೋಕದಲ್ಲಿ ಇರುವುದೇ ಅಷ್ಟು. ಬೇಡಿಕೆ ಹೆಚ್ಚಿದಷ್ಟೂ ಹೊಸ ಪಾಮ್ ಎಣ್ಣೆಗೆ ಹಳೆಯದೆಂಬ ಚೀಟಿ ಅಂಟಿಸುವ ಆಸೆ ಹುಟ್ಟುತ್ತದೆ. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಬೆರೆಸಲು ಅನುಮತಿಯೂ ಇಲ್ಲ, ಯಾಕೆಂದರೆ ಮಾಮೂಲಿ ಇಂಧನದಲ್ಲಿರುವ ಆರೊಮ್ಯಾಟಿಕ್ ಎಂಬ ರಾಸಾಯನಿಕ ಅಂಶವೇ ರಬ್ಬರ್ ಸೀಲುಗಳನ್ನು ಉಬ್ಬಿಸಿ ಸೋರದಂತೆ ಹಿಡಿಯುವುದು. ವಿಮಾನಯಾನ ಸಂಸ್ಥೆಗಳ ಜಾಗತಿಕ ಸಂಘ ಐಎಟಿಎ ಅಂದಾಜಿನಂತೆ 2024ರಲ್ಲಿ ಜಗತ್ತಿನ ವಿಮಾನ ಇಂಧನದಲ್ಲಿ ಎಸ್‌ಎಎಫ್ ಪಾಲು 0.3%. ಆರು ವರ್ಷದಲ್ಲಿ ಒಂದೇ ಕಂಪನಿಗೆ 30%! ಗುರಿ ಇಟ್ಟುಕೊಳ್ಳಲಿ, ಆದರೆ ಆ ದಾರಿ ಎಷ್ಟು ಕಡಿದಾಗಿದೆ ಅಂತ ಜಾಹೀರಾತಿನಲ್ಲೂ ಹೇಳಲಿ.

ಆದ್ದರಿಂದ ಎಕ್ಸ್‌ಪೋರ್ಟ್ ಮಾಡುವ ಗೆಳೆಯರೇ, "ಹಸಿರು" ಆಯ್ಕೆಗೆ ಹೆಚ್ಚುವರಿ ದುಡ್ಡು ಕಟ್ಟುವ ಮುಂಚೆ ದಯವಿಟ್ಟು ಕೇಳಿ. ಹೊಗೆಯ ವರದಿ, ಸಾಗಣೆಯ ಹೊಗೆ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14083 ಪ್ರಕಾರ ಇದೆಯೇ? ಇಂಧನ ತಯಾರಿಸುವಾಗಿನ ಹೊಗೆಯೂ ಸೇರಿದೆಯೇ, ಉರಿಸಿದ್ದು ಮಾತ್ರವೇ? ಬಾಡಿಗೆ ವಿಮಾನ, ಉಪಗುತ್ತಿಗೆ ಲಾರಿಗಳ ಲೆಕ್ಕ ಒಳಗಿದೆಯೇ? ನಿಮ್ಮ ಹೆಸರಿನ ಎಸ್‌ಎಎಫ್ ಬೇರೆ ಯಾವುದೋ ವಿಮಾನ ನಿಲ್ದಾಣದಲ್ಲಿ ತುಂಬಿರುತ್ತದೆ, ನಿಮಗೆ ಬರುವುದು ಪ್ರಮಾಣಪತ್ರ. ಅದನ್ನು ರಿಜಿಸ್ಟ್ರಿಯಲ್ಲಿ (ಪ್ರಮಾಣಪತ್ರಗಳ ನೋಂದಣಿಯಲ್ಲಿ) ನಿಮ್ಮ ಹೆಸರಿಗೆ ಬರೆದು, ಮತ್ತೆ ಮಾರಲಾಗದಂತೆ ರದ್ದು ಮಾಡಿದ್ದಾರೆಯೇ, ಇನ್ನೊಬ್ಬ ಗಿರಾಕಿಗೂ ಮಾರಿದ್ದಾರೆಯೇ? ಈ ಕೊನೆಯದಕ್ಕೆ ಬರಹದಲ್ಲಿ ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ.

ತಾಜಾ ಹೂವು, ತುರ್ತು ಔಷಧಿ ಬಿಡಿ, ಅವಕ್ಕೆ ಹೆಚ್ಚಾಗಿ ವಿಮಾನವೇ ಬೇಕು. ಗಾರ್ಮೆಂಟ್ಸ್, ಯಂತ್ರದ ಬಿಡಿಭಾಗ, ಗ್ರಾನೈಟ್ ಸ್ಯಾಂಪಲ್ಲು? ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೋ) ರೈಲಿನಲ್ಲಿ ಚೆನ್ನೈಗೆ, ಅಲ್ಲಿಂದ ಹಡಗು. ಹಡಗಿನಲ್ಲಿ ಟನ್-ಕಿ.ಮೀ.ಗೆ ಸುಮಾರು 15 ಗ್ರಾಂ. ಆಫ್ರಿಕಾ ಸುತ್ತಿ 20,000 ಕಿ.ಮೀ. ಹೋದರೂ ಅದೇ 10 ಕೆ.ಜಿ.ಗೆ 3 ಕೆ.ಜಿ. ಹೊಗೆ. ಒಂದು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಉತ್ಪಾದನೆಯನ್ನೇ ಆರು ವಾರ ಮೊದಲೇ ಶುರು ಮಾಡುವಂತೆ ಯೋಜಿಸಬೇಕು, ಖರೀದಿದಾರರ ಗೋದಾಮಿನಲ್ಲಿ ಹೆಚ್ಚಿನ ಸ್ಟಾಕ್ ಇಡಲು ಒಪ್ಪಿಸಬೇಕು. ಮುಂದಿನ ಆರ್ಡರಿನ ಡೆಲಿವರಿ ದಿನಾಂಕ ಬರೆಯುವಾಗಲೇ ಆ ಮಾತು ತೆಗೆಯಿರಿ; ಸರಕು ಸಿದ್ಧವಾದ ಮೇಲೆ ತೆಗೆದರೆ ಉಳಿಯುವುದು ವಿಮಾನ ಮಾತ್ರ.