ನದಿಗೆ ಬೆನ್ನು ಹಾಕಿ ಕೂತ ಹೋಟೆಲ್

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿ ನಮ್ಮ ಮನೆಯವರಿಗೆಲ್ಲ ಇಷ್ಟವಾದ ಒಂದು ಹೋಟೆಲ್ ಇತ್ತು. ಹೋಟೆಲ್ ಈಗಲೂ ಇದೆ, ಹೆಸರು ಬೇಡ. ಆಗ ಮೇಲೆ ಮಂಗಳೂರು ಹೆಂಚು, ಕಡಪ ಕಲ್ಲಿನ ಟೇಬಲ್, ನೆಲಕ್ಕೆ ರೆಡ್ ಆಕ್ಸೈಡ್. ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಕೈ ತೊಳೆಯುವ ಜಾಗ. ಹಿಂದಿನ ಗೋಡೆಗೆ ಸಾಲಾಗಿ ಮೂರು ನಲ್ಲಿ, ಅದರ ಮೇಲೆ ಕನ್ನಡಿ ಇರಬೇಕಾದ ಕಡೆ ಒಂದು ಉದ್ದನೆಯ ಕಿಟಕಿ. ಕೈ ತೊಳೆಯುತ್ತಾ ತಲೆ ಎತ್ತಿದರೆ ಎದುರಿಗೇ ಹೊಳೆ. ಬಂಡೆ ಮೇಲೆ ಕೂತ ಕೊಕ್ಕರೆ, ಬಟ್ಟೆ ಒಗೆಯುವವರು, ಸಂಜೆಯ ಬಿಸಿಲು. ಅಮ್ಮ ಅಲ್ಲಿ ನಿಂತರೆ ಹಿಂದೆ ನಾಲ್ಕು ಜನ ಕಾಯುತ್ತಿದ್ದರೂ ಬೇಗ ಈಚೆ ಬರುತ್ತಿರಲಿಲ್ಲ.

ಈ ಸಲ ಲಂಡನ್ನಿನಿಂದ ರಜೆಗೆ ಬಂದಾಗ ಅಪ್ಪ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಗುರುತೇ ಸಿಗಲಿಲ್ಲ. ಮುಂದುಗಡೆ ಹೊಳೆಯುವ ಶೀಟು, ಒಳಗೆ ಫಾಲ್ಸ್ ಸೀಲಿಂಗ್, ಅದರ ಸುತ್ತ ನೀಲಿ ಬಣ್ಣದ ಲೈಟು, ಸೋಫಾ, ಎಸಿ. ಹೊಳೆ ಕಡೆ ಇದ್ದ ಗೋಡೆಯನ್ನು ಪೂರ್ತಿ ಮುಚ್ಚಿ ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು ಅಂಟಿಸಿದ್ದಾರೆ, ಫೋಟೊ ತೆಗೆಸಿಕೊಳ್ಳೋಕೆ. ಆ ಪ್ಲಾಸ್ಟಿಕ್ ಹುಲ್ಲಿನ ಆಚೆ ಇಪ್ಪತ್ತು ಹೆಜ್ಜೆ ನಡೆದರೆ ಕಾವೇರಿ! ಬೇಸಿನ್ ಈಗ ಟಾಯ್ಲೆಟ್ ಪಕ್ಕದ ಓಣಿಯಲ್ಲಿದೆ. ಅಮ್ಮ ಕೈ ತೊಳೆದುಕೊಂಡು ಬಂದು "ಹೊಳೆ ಎಲ್ಲಿ ಹೋಯ್ತೋ" ಅಂತ ಕೇಳಿದರು. ನನಗೆ ನಿಜವಾಗಿಯೂ ಸಂಕಟ ಆಯಿತು.

ಓನರ್ ನಮ್ಮನ್ನು ಗುರುತು ಹಿಡಿದು ಮಾತಾಡಿಸಿದರು, ಒಳ್ಳೆಯ ಮನುಷ್ಯ. ನಾನು ಕೇಳಿದ್ದಕ್ಕೆ "ಸಾರ್, ಫ್ಯಾಮಿಲಿಯವರು ಎಸಿ ಇಲ್ಲ ಅಂದ್ರೆ ಕಾರಿಂದ ಕೆಳಗೇ ಇಳಿಯಲ್ಲ. ಬೈಪಾಸ್ ಆದ್ಮೇಲೆ ಗಾಡಿಗಳು ಊರೊಳಕ್ಕೆ ಬರೋದೇ ಕಮ್ಮಿ" ಅಂದರು. ಅವರ ಕಷ್ಟ ಸುಳ್ಳಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆದಮೇಲೆ ಬಿಡದಿ, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದರ ಪಕ್ಕದಲ್ಲೇ ಗಾಡಿಗಳು ಹಾಗೇ ಹಾದು ಹೋಗುತ್ತವೆ. ಆದರೆ ನನ್ನ ತಕರಾರು ಅಲ್ಲೇ ಶುರುವಾಗುವುದು. ಎಸಿ ಹಾಲ್, ಸೋಫಾ ಎಲ್ಲ ಕಡೆ ಸಿಗುತ್ತೆ. ಹೆದ್ದಾರಿ ಬಿಟ್ಟು ಊರೊಳಗೆ ಇಳಿದು ಬರುವವನು ಯಾಕೆ ಬರುತ್ತಾನೆ? ಹೊಳೆ ನೋಡೋಕೆ ಅಲ್ವಾ? ಅದನ್ನೇ ಮುಚ್ಚಿಬಿಟ್ಟರೆ ಅವನಿಗೆ ಕೊಡೋಕೆ ಬೇರೆ ಏನು ಉಳಿಯಿತು?

ನಾನು ಇರುವ ಪಶ್ಚಿಮ ಲಂಡನ್ನಿನಲ್ಲಿ, ಹ್ಯಾಮರ್‌ಸ್ಮಿತ್ ಹತ್ತಿರ ಥೇಮ್ಸ್ ದಡದಲ್ಲಿ ರಿವರ್ ಕೆಫೆ ಅಂತ ಒಂದು ಇಟಾಲಿಯನ್ ಊಟದ ಹೋಟೆಲ್ ಇದೆ. ತುಂಬಾ ದುಬಾರಿ, ನಾವು ಹೋಗಿದ್ದು ಒಂದೇ ಸಲ, ಮದುವೆಯ ಹತ್ತನೇ ವರ್ಷಕ್ಕೆ. ಆದರೆ ಅದರ ಮುಂದಿನ ದಾರಿಯಲ್ಲಿ ವಾರಕ್ಕೆರಡು ಸಲ ನಡೆಯುತ್ತೇನೆ. ಅದು ಮೊದಲು ಎಣ್ಣೆ ಕಂಪನಿಯ ಗೋದಾಮು. ರಿಚರ್ಡ್ ರೋಜರ್ಸ್ ಅನ್ನುವ ದೊಡ್ಡ ಆರ್ಕಿಟೆಕ್ಟ್ ಆ ಗೋದಾಮುಗಳನ್ನು ತಮ್ಮ ಆಫೀಸು ಮಾಡಿಕೊಂಡರು. 1987ರಲ್ಲಿ ಅವರ ಹೆಂಡತಿ ರೂತ್ ರೋಜರ್ಸ್ ಮತ್ತು ರೋಸ್ ಗ್ರೇ ಸೇರಿ ಅಲ್ಲೇ ಒಂದು ಕ್ಯಾಂಟೀನ್ ತೆರೆದರು. ಶುರುವಿನಲ್ಲಿ ಆ ಕಟ್ಟಡಗಳಲ್ಲಿ ಕೆಲಸ ಮಾಡುವವರಿಗೆ ಮಾತ್ರ, ಅದೂ ಮಧ್ಯಾಹ್ನದ ಊಟ ಮಾತ್ರ. ಸುತ್ತಮುತ್ತ ಮನೆಗಳಿರುವುದರಿಂದ ಬೇರೆಯವರಿಗೆ ತೆರೆಯಲು ಪರ್ಮಿಷನ್ ಇರಲಿಲ್ಲ.

2008ರ ಏಪ್ರಿಲ್‌ನಲ್ಲಿ ಅಲ್ಲಿ ಬೆಂಕಿ ಬಿತ್ತು. ಮುಚ್ಚಿ, ರಿಪೇರಿ ಮಾಡಿ, ಅಕ್ಟೋಬರ್‌ನಲ್ಲಿ ಮತ್ತೆ ತೆರೆದರು. ನನಗೆ ಇಷ್ಟವಾಗುವುದು ಆ ರಿಪೇರಿ. ಇಷ್ಟು ಹೆಸರು ಮಾಡಿದ ಜಾಗ, ಕೈಯಲ್ಲಿ ದುಡ್ಡಿತ್ತು, ಏನು ಬೇಕಾದರೂ ಮಾಡಬಹುದಿತ್ತು. ಅವರು ಅಡುಗೆಮನೆಯನ್ನು ಪೂರ್ತಿ ತೆರೆದಿಟ್ಟರು. ಊಟದ ಹಾಲಿನ ಪಕ್ಕದಲ್ಲೇ ಉದ್ದನೆಯ ಸ್ಟೀಲ್ ಕೌಂಟರ್, ಅದರ ಹಿಂದೆ ಅಡುಗೆಯವರು, ಸೌದೆ ಒಲೆ. ಆ ಒಲೆಗೆ ಈಗ ಗಾಢ ಗುಲಾಬಿ ಬಣ್ಣ. ಬೆಂಕಿ ಬಿದ್ದ ಜಾಗದಲ್ಲಿ ಬೆಂಕಿಯನ್ನು ಬಚ್ಚಿಡದೆ ಎಲ್ಲರ ಕಣ್ಣೆದುರು ಇಟ್ಟಿದ್ದಾರೆ ಅನ್ನುವುದೇ ನನಗೆ ದೊಡ್ಡ ವಿಷಯ. ಪ್ಯಾರಿಸ್ಸಿನ ಪೊಂಪಿಡು ಸೆಂಟರ್ ನೋಡಿದವರಿಗೆ ಗೊತ್ತಿರುತ್ತೆ, ಪೈಪು, ಎಸ್ಕಲೇಟರ್ ಎಲ್ಲವನ್ನೂ ಕಟ್ಟಡದ ಹೊರಗೆ ಇಟ್ಟಿದ್ದಾರೆ. ಅದನ್ನು ಮಾಡಿದ ಇಬ್ಬರಲ್ಲಿ ರೋಜರ್ಸ್ ಒಬ್ಬರು. ಕೆಲಸ ಮಾಡುವ ಭಾಗವನ್ನು ಮುಚ್ಚಿಡಬೇಡಿ ಅನ್ನುವ ಅದೇ ಯೋಚನೆ ಇಲ್ಲಿ ಅಡುಗೆಮನೆಗೆ ಬಂದಿದೆ.

ಇದು ನಮಗೇನೂ ಹೊಸದಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ ದೋಸೆ ಹಂಚು ನಮ್ಮ ಕಣ್ಣೆದುರೇ ಇರುತ್ತೆ. ಎಂಟಿಆರ್‌ನಲ್ಲಿ ಬಂದವರಿಗೆ ಅಡುಗೆಮನೆ ತೋರಿಸುವ ಪದ್ಧತಿಯೇ ಇತ್ತು. ನಮ್ಮ ಹತ್ತಿರ ಇದ್ದದ್ದನ್ನು ಲಂಡನ್ನಿನವರು ಬೆಲೆ ಕೊಟ್ಟು ಮಾಡಿಕೊಂಡರು, ನಾವು ಬೆಲೆ ಕೊಟ್ಟು ಮುಚ್ಚುತ್ತಿದ್ದೇವೆ.

ಇನ್ನೊಂದು ವಿಷಯ ಹೇಳಲೇಬೇಕು. ರಿವರ್ ಕೆಫೆ ನೀರಿನ ಅಂಚಿಗೆ ತಾಗಿಕೊಂಡಿಲ್ಲ. ನಡುವೆ ತೋಟ, ಆಮೇಲೆ ಥೇಮ್ಸ್ ಪಾತ್ ಅನ್ನುವ ಕಾಲುದಾರಿ, ಆಮೇಲೆ ನದಿ. ಆ ಕಾಲುದಾರಿ ಎಲ್ಲರದ್ದು. ಒಳಗೆ ಅಷ್ಟು ದುಡ್ಡು ಕೊಟ್ಟು ಉಣ್ಣುವವರಿಗೂ ನಾಯಿ ಹಿಡಿದು ನಡೆಯುವ ನನ್ನಂಥವರಿಗೂ ನದಿ ಒಂದೇ. ನಮ್ಮಲ್ಲಿ ಹೊಳೆ ದಡದ ಜಾಗ ಸಿಕ್ಕಿದರೆ ಮೊದಲು ಏಳುವುದು ಕಾಂಪೌಂಡು. ಬಟ್ಟೆ ಒಗೆಯುತ್ತಿದ್ದವರು, ದನ ಮೈ ತೊಳೆಯುತ್ತಿದ್ದವರು ಆಮೇಲೆ ಎಲ್ಲಿಗೆ ಹೋಗಬೇಕು?

ಹಾಗಂತ ಲಂಡನ್ನಿನದನ್ನು ಹಾಗೇ ತಂದು ಕೂರಿಸಿ ಅಂತ ನಾನು ಹೇಳುತ್ತಿಲ್ಲ. ಅದೇ ತಪ್ಪು ಆಗಿರುವುದು. ಲಂಡನ್ನಿನಲ್ಲಿ ಬಿಸಿಲೇ ಕಡಿಮೆ, ಅದಕ್ಕೆ ದೊಡ್ಡ ದೊಡ್ಡ ಗಾಜು ಹಾಕಿ ಇದ್ದ ಬಿಸಿಲನ್ನು ಒಳಗೆ ಕರೆಯುತ್ತಾರೆ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಅದೇ ಗಾಜು ಹಾಕಿದರೆ ಒಳಗೆ ಕೂರೋಕಾಗಲ್ಲ. ಆಗ ಗಾಜಿಗೆ ಕಪ್ಪು ಫಿಲ್ಮ್, ಆಮೇಲೆ ಎಸಿ, ಎಸಿಗೆ ಕಿಟಕಿ ಬಂದ್, ಕರೆಂಟ್ ಹೋದರೆ ಜನರೇಟರ್. ಅಗಲವಾದ ಸೂರು, ಎತ್ತರದ ಮಾಡು, ಹೊಳೆ ಕಡೆ ತೆರೆದ ಜಗಲಿ, ಮೇಲೊಂದು ಫ್ಯಾನು, ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಲೆಕ್ಕ ಇದು. ಎಸಿ ಬೇಕೇ ಬೇಕು ಅನ್ನುವವರಿಗೆ ರಸ್ತೆ ಕಡೆ ಒಂದು ರೂಮು ಮಾಡಲಿ, ಬೇಡ ಅನ್ನಲ್ಲ. ಹೊಳೆ ಕಡೆಯ ಗೋಡೆ ಬಿಡಲಿ.

ನೀರು ಏರುವುದನ್ನೂ ನೋಡಿ. ಥೇಮ್ಸ್ ಲಂಡನ್ನಿನಲ್ಲಿ ಸಮುದ್ರದ ಜೊತೆ ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ರಿಚ್ಮಂಡ್‌ನಲ್ಲಿ ದಡದ ಒಂದು ಹಳೆಯ ಪಬ್ಬಿನ ಗೋಡೆ ಮೇಲೆ "ನೀರು ಏರಿದಾಗ ಇಲ್ಲಿಂದ ಒಳಗೆ ಬನ್ನಿ" ಅನ್ನುವ ಅರ್ಥದ ಬೋರ್ಡೇ ಇದೆ. ನೀರು ಬಾಗಿಲ ತನಕ ಬರುತ್ತೆ ಅಂತ ಒಪ್ಪಿಕೊಂಡೇ ಕಟ್ಟಿರುವುದು. ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿ ಮಾಡಿದವರಿದ್ದಾರೆ. ಹಂಪಿಯ ಪುರಂದರ ಮಂಟಪ ನೋಡಿ. ತುಂಗಭದ್ರೆಯ ಅಂಚಿನಲ್ಲೇ ನಿಂತಿದೆ, ಬರೀ ಕಲ್ಲಿನ ಕಂಬ, ಸುತ್ತ ಗೋಡೆಯಿಲ್ಲ. ಡ್ಯಾಮಿನಿಂದ ನೀರು ಬಿಟ್ಟಾಗ ಮುಳುಗುತ್ತೆ, ಇಳಿದ ಮೇಲೆ ಹಾಗೇ ಎದ್ದು ನಿಲ್ಲುತ್ತೆ. ಹೊಳೆ ದಡದಲ್ಲಿ ಹೋಟೆಲ್ ಕಟ್ಟುವ ಇಂಟೀರಿಯರ್‌ನವರು ಒಂದು ಬೆಳಿಗ್ಗೆ ಅಲ್ಲಿ ಸುಮ್ನೆ ಹೋಗಿ ಕೂತು ಬರಬೇಕು ಅನಿಸುತ್ತೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟ ದಿನ ನಮ್ಮ ಹೋಟೆಲಿನ ಪ್ಲೈವುಡ್ಡು, ಸೋಫಾ ಏನಾಗಬೇಕು? ಕಡಪ ಕಲ್ಲಿನ ಟೇಬಲ್ ಆಗಿದ್ದರೆ ಪೈಪ್ ಹಿಡಿದು ತೊಳೆದರೆ ಸಾಕಿತ್ತು.

ಓನರ್‌ಗೆ ಇದನ್ನೆಲ್ಲ ಹೇಳಲಿಲ್ಲ. ದುಡ್ಡು ಹಾಕಿ ಆಗಿದೆ, ಬ್ಯಾಂಕ್ ಸಾಲ ಇದೆ ಅಂದಿದ್ದರು. ಒಂದೇ ಒಂದು ಕೇಳಿದೆ, ಆ ಪ್ಲಾಸ್ಟಿಕ್ ಹುಲ್ಲಿನ ಹಿಂದೆ ಹಳೆಯ ಕಿಟಕಿ ಇನ್ನೂ ಇದೆಯಾ ಅಂತ. "ಚೌಕಟ್ಟು ಹಂಗೇ ಐತೆ ಸಾರ್, ಮೇಲೆ ಪ್ಲೈವುಡ್ ಹೊಡೆದಿದ್ದೀವಿ ಅಷ್ಟೇ" ಅಂದರು. ಎಷ್ಟು ಮೊಳೆ ಅಂತ ಅಪ್ಪ ಕೇಳಿದರು. ಓನರ್ ಸ್ವಲ್ಪ ಹೊತ್ತು ಆ ಗೋಡೆಯನ್ನೇ ನೋಡಿದರು. ಆಮೇಲೆ ನಮ್ಮನ್ನು ಅಡುಗೆಮನೆಯೊಳಗಿಂದ, ಗ್ಯಾಸ್ ಸಿಲಿಂಡರ್ ದಾಟಿಸಿ, ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋಗಿ ಅಮ್ಮನಿಗೆ ಒಂದು ಸ್ಟೂಲ್ ಹಾಕಿಸಿದರು. ಅಮ್ಮ ಅಲ್ಲೇ ಕೂತು ಕಾಫಿ ಕುಡಿದರು.