ನಮ್ಮ ಫೋನಿನ ಲೆಕ್ಕ ಸಂಶೋಧನೆಗೆ ಕೊಡಬಹುದಾ?

ಪರ

ಹೋದ ತಿಂಗಳು ಅಮ್ಮ ಊರಿಂದ ಬನಶಂಕರಿಯ ನಮ್ಮ ಮನೆಗೆ ಬಂದಿದ್ದರು. ಒಂದು ವಾರ ಇದ್ದರು. ದಿನಾ ಸಂಜೆ ಅವರ ಜೊತೆಯೇ ಕೂತಿದ್ದೆ ಅಂತ ನಂಬಿದ್ದೆ. ಅವರು ಹೋದ ಮೇಲೆ ಸುಮ್ನೆ ಫೋನಿನ ಸ್ಕ್ರೀನ್ ಟೈಮ್, ಅಂದರೆ ಎಷ್ಟು ಸಲ, ಎಷ್ಟು ಹೊತ್ತು ಫೋನ್ ನೋಡಿದೆ ಅಂತ ಫೋನೇ ಇಡುವ ಲೆಕ್ಕ, ತೆಗೆದು ನೋಡಿದೆ. ಬುಧವಾರ ಸಂಜೆ 7ರಿಂದ 9ರೊಳಗೆ 41 ಸಲ ಫೋನ್ ಎತ್ತಿಕೊಂಡಿದ್ದೆ. ಅದೇ ಹೊತ್ತಿಗೆ ಅಮ್ಮ ಹಿತ್ತಲಿನ ಹಲಸಿನ ಮರ ಕಡಿಸಿದ ಕತೆ ಹೇಳುತ್ತಿದ್ದರು. ಯಾಕೆ ಕಡಿಸಿದರು ಅನ್ನುವುದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಯಾರಾದರೂ ಬೈದಿದ್ದರೆ ವಾದ ಮಾಡುತ್ತಿದ್ದೆ. ಲೆಕ್ಕದ ಜೊತೆ ಏನು ವಾದ ಮಾಡಲಿ?

ಸಂಶೋಧಕರಿಗೂ ಬೇಕಿರುವುದು ಇಂಥದ್ದೇ. 'ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡ್ತೀರಿ?' ಅಂದರೆ ನಾವು ಬಾಯಿಗೆ ಬಂದಷ್ಟು ಹೇಳುತ್ತೇವೆ. ಫೋನು, ಗೇಮ್ ಬಿಡಲಾಗದೆ ಒದ್ದಾಡುವವರಿಗೆ ಅಂತಲೇ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶಟ್ ಕ್ಲಿನಿಕ್ ಶುರುವಾಯಿತು. ಇಂಥ ಚಿಕಿತ್ಸೆ ಸುಧಾರಿಸಬೇಕಾದರೆ ನಿದ್ದೆ ಕೆಟ್ಟಿದ್ದು ಎಷ್ಟು ಗಂಟೆಗೆ, ಯಾವ ಆಪ್ ನೋಡುತ್ತಾ ಅನ್ನುವ ನಿಜವಾದ ಲೆಕ್ಕ ಬೇಕು. ಕಂಪನಿಗಳು ಈ ಲೆಕ್ಕ ಇಟ್ಟುಕೊಂಡು ನಮಗೆ ಜಾಹೀರಾತು ತೋರಿಸುತ್ತವೆ. ಮಕ್ಕಳ ನಿದ್ದೆ ಉಳಿಸುವವರಿಗೆ ಅದು ಯಾಕೆ ಸಿಗಬಾರದು? ಗೂಗಲ್‌ನಿಂದ ನಮ್ಮ ಮಾಹಿತಿಯನ್ನು ನಾವೇ ಇಳಿಸಿಕೊಂಡು, ಬೇಡದ್ದನ್ನು ಅಳಿಸಿ, ಉಳಿದದ್ದನ್ನು ಕೊಡಬಹುದು. ಕೊಡುವ ಕೈ ನಮ್ಮದೇ, ಅಲ್ವಾ?

ವಿರೋಧ

ಗೆಳತಿಯ ಮಗಳ ಸಂಶೋಧನೆಗೆ ಕೊಡೋಣ ಅಂತ ಅಳಿಸಲು ಕೂತಾಗಲೇ ಕಷ್ಟ ಗೊತ್ತಾಗಿದ್ದು.

ಹೆಸರೇನೋ ತೆಗೆಯಬಹುದು. ಓಡಾಡಿದ ದಾರಿ? ಬೆಳಿಗ್ಗೆ ಬನಶಂಕರಿ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತಿ ಇಂದಿರಾನಗರ, ಗುರುವಾರ ಸಂಜೆ ಗಾಂಧಿ ಬಜಾರ್. ಪಕ್ಕದ ಮನೆಯವರಿಗೆ ಇಷ್ಟು ತೋರಿಸಿದರೆ ನನ್ನ ಹೆಸರು ಹೇಳುತ್ತಾರೆ. 15 ಲಕ್ಷ ಜನರ ಮೊಬೈಲ್ ಓಡಾಟ ನೋಡಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎಲ್ಲಿ-ಯಾವಾಗ ಅನ್ನುವ ನಾಲ್ಕೇ ಗುರುತು ಸಿಕ್ಕರೆ 100ಕ್ಕೆ 95 ಜನರನ್ನು ಗುಂಪಿನಿಂದ ಬೇರೆ ಮಾಡಬಹುದು.

ಒಪ್ಪಿಗೆ ಕೊಟ್ಟಿದ್ದಾರಲ್ಲ ಅನ್ನುತ್ತಾರೆ. ನಮ್ಮನೆಗೆ ಊಟ ತರುವ ಹುಡುಗ ಲೊಕೇಶನ್ ಆಫ್ ಮಾಡಿದರೆ ಅವನಿಗೆ ಅವತ್ತಿನ ದುಡಿಮೆ ಇಲ್ಲ. ಅವನು ಒತ್ತುವ 'ಸರಿ'ಯನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 86ರ ವಯಸ್ಸಿನಲ್ಲಿ. ಅಷ್ಟು ಕಷ್ಟಪಟ್ಟು ಸಿಕ್ಕಿದ ಹಕ್ಕು ಅದು. ಆದರೂ 2023ರ ಮಾಹಿತಿ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿಯ ಬಾಗಿಲು ತೆರೆದಿಟ್ಟಿದೆ.

ನನ್ನ ಕೈ ಕಟ್ಟಿಹಾಕಿದ್ದು ಮಾತ್ರ ಕರೆಗಳ ಪಟ್ಟಿ. ಅಪ್ಪನಿಗೆ ಹುಷಾರಿಲ್ಲದ ವಾರ ಅಮ್ಮ ರಾತ್ರಿ 11ಕ್ಕೆ ಮಾಡಿದ ಕರೆಗಳು. ಮೂರು ದಿನ ಬಿಡದೆ ಫೋನ್ ಮಾಡಿ ಅತ್ತ ಗೆಳತಿಯ ನಂಬರು. ಇವರೆಲ್ಲರ ಪರವಾಗಿ ಸಹಿ ಹಾಕಲು ನಾನು ಯಾರು?

ಅಮ್ಮನನ್ನು ಕೇಳಿದೆ. 'ನಾನು ನಿಂಗೆ ಫೋನ್ ಮಾಡಿದ್ದು ಅವರಿಗ್ಯಾಕೆ?' ಅಂದರು. ಸ್ಕ್ರೀನ್ ಟೈಮ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿದೆ. ಫೋನ್ ಇಡುವ ಮೊದಲು, ಹಲಸಿನ ಮರ ಯಾಕೆ ಕಡಿಸಿದ್ದು ಅಂತಲೂ ಕೇಳಿದೆ. ಬುಡಕ್ಕೆ ಹುಳ ಬಿದ್ದಿತ್ತಂತೆ.