ಪೈಪ್ ಒಡೆದಾಗ ಮೀಟರ್ ಬಳಿಯ ವಾಲ್ವ್ ಮುಚ್ಚಿದರಷ್ಟೇ ಸಾಲದು: ಸ್ಪಷ್ಟನೆ

ಮನೆಯೊಳಗೆ ಪೈಪ್ ಒಡೆದರೆ ಬೀದಿಯ ಮೀಟರ್ ಪಕ್ಕದ ವಾಲ್ವ್ ಮುಚ್ಚಿ, ಪ್ಲಂಬರ್ ಬರುವವರೆಗೆ ನಿಶ್ಚಿಂತೆಯಿಂದ ಕಾಯಬಹುದು ಎಂಬ ಸಂದೇಶವೊಂದು ಹುಬ್ಬಳ್ಳಿ-ಧಾರವಾಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅವಳಿ ನಗರದ ಬಹಳಷ್ಟು ಮನೆಗಳಿಗೆ ಈ ಸಲಹೆ ಹೊಂದುವುದಿಲ್ಲ.

ಮಲಪ್ರಭೆಯ ನೀರು ಇಲ್ಲಿನ ಅನೇಕ ಬಡಾವಣೆಗಳಿಗೆ ಕೆಲವು ದಿನಗಳಿಗೊಮ್ಮೆ ಬರುವುದರಿಂದ, ಅದನ್ನು ಸಂಪಿನಲ್ಲಿ ಹಿಡಿದಿಟ್ಟುಕೊಂಡು ಮೋಟಾರಿನಿಂದ ಮಾಳಿಗೆಯ ಟ್ಯಾಂಕಿಗೆ ಏರಿಸುವುದು ರೂಢಿ. ಬಚ್ಚಲು ಮತ್ತು ಅಡುಗೆಮನೆಯ ನಳಗಳಿಗೆ ನೀರು ಇಳಿಯುವುದು ಆ ಟ್ಯಾಂಕಿನಿಂದಲೇ ಹೊರತು ಬೀದಿಯ ಕೊಳವೆಯಿಂದಲ್ಲ. ಹೀಗಾಗಿ ಮೀಟರ್ ವಾಲ್ವ್ ಮುಚ್ಚಿದ ಮೇಲೂ, ತುಂಬಿದ 1,000 ಲೀಟರಿನ ಟ್ಯಾಂಕ್ ನಿಮಿಷಕ್ಕೆ 10 ಲೀಟರಿನಂತೆ ಸೋರಿದರೆ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ಮನೆಯೊಳಗೆ ಹರಿಯುತ್ತಲೇ ಇರುತ್ತದೆ. ನೀರು ಬೀದಿಯ ಕೊಳವೆಯಿಂದ ನೇರವಾಗಿ ಬರುವ ನಳದ ಪೈಪ್ ಒಡೆದಿದ್ದರೆ ಮಾತ್ರ ಆ ಸಂದೇಶ ಸರಿ.

ಮೊದಲು ಮುಚ್ಚಬೇಕಾದದ್ದು ಟ್ಯಾಂಕಿನ ಬುಡದಲ್ಲಿರುವ ವಾಲ್ವ್. ಜೊತೆಗೆ ಮೋಟಾರಿನ ಸ್ವಿಚ್ಚನ್ನೂ ಆರಿಸಬೇಕು, ಏಕೆಂದರೆ ತಾನಾಗಿ ಚಾಲೂ ಆಗುವ ವ್ಯವಸ್ಥೆಯಿದ್ದಲ್ಲಿ ಖಾಲಿಯಾದಷ್ಟೂ ಟ್ಯಾಂಕ್ ಮತ್ತೆ ತುಂಬುತ್ತದೆ. ವರ್ಷಗಟ್ಟಲೆ ತಿರುಗಿಸದ ಗೇಟ್ ವಾಲ್ವ್ ಬಿಗಿದು ನಿಂತಿದ್ದರೆ ಇಕ್ಕಳದಿಂದ ಬಲಪ್ರಯೋಗ ಮಾಡಬೇಡಿ, ಅದರ ದಂಡವೇ ಮುರಿದೀತು. ಬದಲಿಗೆ ಒಡೆದ ಜಾಗಕ್ಕಿಂತ ಕೆಳಗಿರುವ ನಳಗಳನ್ನು ಪೂರ್ತಿ ತೆರೆದು ಬಕೆಟ್, ಡ್ರಮ್‌ಗಳಲ್ಲಿ ನೀರು ಹಿಡಿದರೆ ಸೋರಿಕೆಯ ರಭಸ ತಗ್ಗುತ್ತದೆ, ದಿನಗಟ್ಟಲೆ ಕಾದು ತುಂಬಿಸಿದ ನೀರೂ ಉಳಿಯುತ್ತದೆ. ಗೀಸರನ್ನು ಆರಿಸಿಡಿ. ಸ್ವಿಚ್ ಬೋರ್ಡಿನತ್ತ ನೀರು ಹರಿದಿದ್ದರೆ ಅದನ್ನು ಮುಟ್ಟದೆ, ಒಣ ನೆಲದ ಮೇಲೆ ನಿಂತು ಒಣ ಕೈಯಿಂದ ಮನೆಯ ಮೇನ್ ಸ್ವಿಚ್ ಇಳಿಸಿ.